ಮೊಬೈಲ್ ಕಲಿತ ಮೇಲೂ ವಯಸ್ಸಾದವರಿಗೆ ಉಳಿಯುವ ಅಡ್ಡಿ ಯಾವುದು?

ಪ್ರಶ್ನೆ:
ನನ್ನ ತಾಯಿಯವರಿಗೆ 74 ವರ್ಷ. ಸ್ಮಾರ್ಟ್‌ಫೋನ್ ಇದೆ, ಇಂಟರ್‌ನೆಟ್ ಇದೆ, ವಿಡಿಯೊ ಕರೆ ಮಾಡುವುದನ್ನೂ ಕಲಿತಿದ್ದಾರೆ. ಆದರೆ ಬ್ಯಾಂಕಿನ ಕೆಲಸವೋ ವೈದ್ಯರ ಭೇಟಿಗೆ ಸಮಯ ಪಡೆಯುವುದೋ ಬಂದಾಗ ಫೋನನ್ನು ನನ್ನ ಕೈಗೆ ಕೊಟ್ಟುಬಿಡುತ್ತಾರೆ. ಹಿಂದೆ ಈ ಕೆಲಸಗಳನ್ನೆಲ್ಲ ಯಾರ ನೆರವೂ ಇಲ್ಲದೆ ತಾವೇ ಮುಗಿಸಿಕೊಂಡು ಬರುತ್ತಿದ್ದವರು ಅವರು. ಸಾಧನವೂ ಸಂಪರ್ಕವೂ ಇರುವಾಗ ಎಲ್ಲಿ ತೊಡಕಾಗುತ್ತಿದೆ?

ಉತ್ತರ 1:
ತೊಡಕಿನ ಒಂದು ಪಾಲು ದೇಹದ್ದು, ಇನ್ನೊಂದು ಪಾಲು ಆ ದೇಹವನ್ನು ಗಮನಿಸದೆ ರೂಪಿಸಿದ ಆಪ್‌ಗಳದ್ದು. ಸ್ಪರ್ಶಪರದೆಯು ಬೆರಳಿನ ವಿದ್ಯುದ್ವಾಹಕ ಗುಣವನ್ನು ಗ್ರಹಿಸಿ ಕೆಲಸ ಮಾಡುತ್ತದೆ. ವಯಸ್ಸಾದಂತೆ ಚರ್ಮ ಒಣಗುವುದರಿಂದ ಹಗುರವಾಗಿ ಮುಟ್ಟಿದ್ದು ಕೆಲವೊಮ್ಮೆ ದಾಖಲಾಗುವುದೇ ಇಲ್ಲ. ಆಗ ಅವರು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ, ಫೋನು ಅದನ್ನು ಬೇರೆ ಆಜ್ಞೆಯೆಂದು ಭಾವಿಸಿ ಬೇಡದ ಇನ್ನೇನನ್ನೋ ತೆರೆಯುತ್ತದೆ. ಬೆರಳಚ್ಚಿನ ಗೆರೆಗಳು ಸವೆದಿದ್ದರೆ ಅದರಿಂದ ಗುರುತು ದೃಢಪಡಿಸುವುದೂ ಕಷ್ಟ. ಒಟಿಪಿಯ ಅಂಕಿಗಳನ್ನು ಒಂದು ಪರದೆಯಲ್ಲಿ ಓದಿ, ನೆನಪಿಟ್ಟುಕೊಂಡು, ಇನ್ನೊಂದು ಪರದೆಗೆ ಮರಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಜಾಲತಾಣಗಳಿಗೆ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ, ಅಂಗವಿಕಲರೂ ವಯಸ್ಸಾದವರೂ ಸೇರಿ ಎಲ್ಲರೂ ಬಳಸುವಂತಿರಬೇಕೆಂದು 2023ರಲ್ಲಿ ಪ್ರಕಟಿಸಿದ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿಯು, ಲಾಗಿನ್ ಆಗಲು ಬಳಕೆದಾರರ ನೆನಪಿನ ಶಕ್ತಿಯನ್ನೇ ಅವಲಂಬಿಸಬಾರದು, ಸಂಕೇತವನ್ನು ನಕಲಿಸಿ ಅಂಟಿಸಲು ಅವಕಾಶವಿರುವಂಥ ಬೇರೆ ದಾರಿಯೂ ಇರಬೇಕು ಎನ್ನುತ್ತದೆ. ಅಕ್ಷರವನ್ನು 200 ಪ್ರತಿಶತದವರೆಗೆ ಹಿಗ್ಗಿಸಿದರೂ ಪುಟ ಕೆಡಬಾರದೆಂಬ ನಿಯಮ ಅದಕ್ಕಿಂತಲೂ ಹಳೆಯದು. ಇವನ್ನು ಪಾಲಿಸದ ಆಪ್ ಕೈಕೊಟ್ಟಾಗಲೂ ನಾವು ಹೇಳುವುದು ಮಾತ್ರ ‘ಅಮ್ಮನಿಗೆ ಗೊತ್ತಾಗುವುದಿಲ್ಲ’ ಎಂದು.

ಉತ್ತರ 2:
ಭಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಗದದ ಅರ್ಜಿಯಲ್ಲಿ ತಪ್ಪಾದರೆ ಗೀಟೆಳೆದು ತಿದ್ದಬಹುದಿತ್ತು. ಇಲ್ಲಿ ತಪ್ಪಾದ ಖಾತೆಗೆ ಹಣ ಹೋದರೆ ಮರಳಿ ಪಡೆಯುವುದು ದೊಡ್ಡ ಹೋರಾಟ. ವಂಚಕರಿದ್ದಾರೆ, ಏನನ್ನೂ ಒತ್ತಬೇಡಿ ಎಂದು ಬೆಳಿಗ್ಗೆ ಎಚ್ಚರಿಸುವ ಮಕ್ಕಳೇ, ಇಷ್ಟೂ ಒತ್ತಲು ಬರುವುದಿಲ್ಲವೇ ಎಂದು ಸಂಜೆ ಗದರುತ್ತೇವೆ.

ಉತ್ತರ 3:
ಮೊದಲ ಉತ್ತರವನ್ನು ಒಪ್ಪುತ್ತೇನೆ, ಆದರೆ ಆಪ್ ಎಷ್ಟೇ ಸುಧಾರಿಸಿದರೂ, ಬ್ಯಾಂಕು, ಆಸ್ಪತ್ರೆಗಳಲ್ಲಿ ಎದುರಿಗೆ ಕುಳಿತು ಕೆಲಸ ಮಾಡಿಕೊಡುತ್ತಿದ್ದ ಕೌಂಟರನ್ನು ಮುಚ್ಚಿದ್ದರ ನಷ್ಟವನ್ನು ಅದು ತುಂಬಿಕೊಡುವುದಿಲ್ಲ. ಕೌಂಟರಿನಲ್ಲಿ ಅವರು ಗ್ರಾಹಕರಾಗಿದ್ದರು; ಮನೆಯಲ್ಲಿ ಮಕ್ಕಳ ಬಿಡುವಿಗಾಗಿ ಕಾಯುವವರಾಗಿದ್ದಾರೆ. ಪಿನ್ ಇನ್ನೊಬ್ಬರ ಬಳಿ ಇದ್ದರೆ ಖಾತೆಯಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಕೊಟ್ಟರು, ಯಾವ ಔಷಧಿ ತರಿಸಿಕೊಂಡರು ಎಂಬುದಾವುದೂ ಗುಟ್ಟಾಗಿ ಉಳಿಯುವುದಿಲ್ಲ. ಮಕ್ಕಳು ಎಷ್ಟೇ ಒಳ್ಳೆಯವರಾಗಿದ್ದರೂ ಈ ಮಾತು ಬದಲಾಗದು.

ಪ್ರಶ್ನೆ ಕೇಳಿದವರ ಮರುಮಾತು:
ಮೂರನೆಯ ಉತ್ತರ ಓದಿದ ಮೇಲೆ ಒಂದು ಸಂಗತಿ ನೆನಪಾಯಿತು. ಹಿಂದಿನ ಬಾರಿ ವೈದ್ಯರ ಭೇಟಿಗೆ ಸಮಯ ಪಡೆಯುವಾಗ, ‘ಕಾರಣ’ ಎಂದಿದ್ದ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದ್ದೆ. ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಾಮಾನ್ಯ ತಪಾಸಣೆ ಅಂತ ಹಾಕು’ ಎಂದಿದ್ದರು. ಕರೆ ಮಾಡಿಯೂ ಸಮಯ ಪಡೆಯಬಹುದೇ ಎಂದು ನಾಳೆ ವಿಚಾರಿಸುತ್ತೇನೆ. ಆ ಕರೆಯನ್ನು ಅವರೇ ಮಾಡಲಿ.