ಕಡಲಿಗೆ ಹೋದ ದ್ವಾರಕೆ: ‘ಮುಳುಗಡೆ ನಗರ’ ಅನ್ನಬಹುದಾ?

ಗೆಳೆಯರೇ, ನಮಸ್ಕಾರ.

ದ್ವಾರಕೆಯ ಹುಡುಕಾಟದ ಬಗ್ಗೆ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ತಲೆಬರಹ ‘ಮುಳುಗಡೆ ನಗರ ದ್ವಾರಕೆ’ ಅಂತ ಇಟ್ಟಿದ್ದೆ. ಬಾಗಲಕೋಟೆಯ ಗೆಳೆಯರೊಬ್ಬರಿಗೆ ಓದಲು ಕೊಟ್ಟರೆ ಮೊದಲ ಸಾಲಿಗೇ ನಕ್ಕುಬಿಟ್ಟರು. “ಮುಳುಗಡೆ ನಗರ ಅಂದ್ರ ನಮ್ಮೂರಲ್ರೀ! ದ್ವಾರಕೆಯವ್ರಿಗೂ ಪರಿಹಾರ ಕೊಟ್ಟಾರೇನು?”

ಅವರು ಹೇಳಿದ್ದು ಸರಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು, ಬಾಗಲಕೋಟೆಯ ಸಂತ್ರಸ್ತರಿಗಾಗಿ ಕಟ್ಟಿದ ನವನಗರ, ಶರಾವತಿಯ ಮುಳುಗಡೆ ಸಂತ್ರಸ್ತರು: ‘ಮುಳುಗಡೆ’ ಅಂದ ಕೂಡಲೇ ನಮಗೆ ನೆನಪಾಗುವುದು ಇವೇ. ಆ ಪದದ ಹಿಂದೆ ಅಣೆಕಟ್ಟು ಇದೆ, ಸರ್ವೆ ಇದೆ, ನೋಟಿಸು ಇದೆ. ದ್ವಾರಕೆಗೆ ನೋಟಿಸು ಕೊಟ್ಟವರು ಯಾರು? (ಹಾಗೆ ನೋಡಿದರೆ ಕೃಷ್ಣನೇ ಕೊಟ್ಟಿದ್ದ. ಊರು ಬಿಟ್ಟು ಹೊರಡಿ, ಕಡಲು ಬರುತ್ತದೆ ಅಂತ. ಆ ಮಾತು ಬೇರೆ.)

ಬೇರೆ ಪದಗಳನ್ನೂ ತೂಗಿ ನೋಡಿದೆ. ‘ಜಲಾವೃತ’ ಮಳೆಗಾಲದ ರಸ್ತೆಗೆ ಸರಿ. ಸುತ್ತ ನೀರು ಅಂತಷ್ಟೇ ಅದರ ಅರ್ಥ, ಅಲ್ವಾ? ‘ಜಲಸಮಾಧಿ’ ಪತ್ರಿಕೆಯ ಅಪಘಾತದ ಸುದ್ದಿಯ ಹಾಗೆ ಕೇಳಿಸುತ್ತದೆ. ಅದೂ ಅಲ್ಲದೆ ಕಥೆಯಲ್ಲಿ ಕಡಲು ಬಂದಾಗ ಅರ್ಜುನ ಜನರನ್ನು ಕರೆದುಕೊಂಡು ಹೊರಟಾಗಿತ್ತು. ಖಾಲಿ ಊರಿಗೆ ಎಂಥ ಸಮಾಧಿ?

‘ಮುಳುಗಿದ ನಗರ’ ಸರಳವಾಗಿದೆ. ಆದರೆ ಅದರಲ್ಲೂ ಒಂದು ತೊಡಕು. ಹಡಗು ಮುಳುಗುತ್ತದೆ, ಅಂದರೆ ತಾನೇ ಕೆಳಗೆ ಹೋಗುತ್ತದೆ. ದ್ವಾರಕೆಯಲ್ಲಿ ಊರು ಇಳಿಯಿತಾ, ಕಡಲು ಏರಿತಾ? ಸಂಸ್ಕೃತದ ಹಳೆಯ ಪಠ್ಯ ಇಲ್ಲಿ ಜಾಣತನ ತೋರಿದೆ. ವಿಷ್ಣುಪುರಾಣದಲ್ಲಿ ಬರುವ ಕ್ರಿಯಾಪದ ‘ಪ್ಲಾವಯಾಮಾಸ’. ಕೆಲಸ ಮಾಡಿದ್ದು ಕಡಲು, ಊರಲ್ಲ. ಕನ್ನಡದಲ್ಲಿ ‘ಮುಳುಗಿಸಿತು’ ಅನ್ನಬೇಕು. ಅದೇ ಕಡೆ ಇನ್ನೊಂದು ಮಾತಿದೆ: ಕೃಷ್ಣನ ಮನೆಯೊಂದನ್ನು ಮಾತ್ರ ಕಡಲು ಮುಟ್ಟಲಿಲ್ಲವಂತೆ.

ಹುಡುಕಿದವರ ವಿಷಯಕ್ಕೂ ಬರುತ್ತೇನೆ, ಯಾಕೆಂದರೆ ಪದದ ಆಯ್ಕೆ ಅಲ್ಲಿಯೂ ಕಾಡುತ್ತದೆ. ಗುಜರಾತಿನ ದ್ವಾರಕೆಯ ಸಮುದ್ರದಲ್ಲಿ ದೊಡ್ಡ ಹುಡುಕಾಟ ನಡೆಸಿದವರು ನಮ್ಮ ಪುರಾತತ್ವಜ್ಞ ಎಸ್. ಆರ್. ರಾವ್, ಅಂದರೆ ಶಿಕಾರಿಪುರ ರಂಗನಾಥ ರಾವ್. ಸಿಂಧೂ ನಾಗರಿಕತೆಯ ಊರಾದ ಲೋಥಲ್‌ನಲ್ಲಿ ಅಗೆದವರೂ ಅವರೇ. 1979-80ರಲ್ಲಿ ದ್ವಾರಕಾಧೀಶ ಗುಡಿಯ ಅಂಗಳದಲ್ಲಿ ಅಗೆಸಿದರು. ಆಮೇಲೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಮುಳುಗುಗಾರರನ್ನು ಕಟ್ಟಿಕೊಂಡು 1980ರ ದಶಕದಲ್ಲಿ ನೀರಿಗಿಳಿದರು. ಕಡಲ ತಳದಲ್ಲಿ ಕೆತ್ತಿದ ಕಲ್ಲಿನ ಕಟ್ಟಡದ ತುಂಡುಗಳು ಸಿಕ್ಕವು. ಮೂರು ತೂತಿನ, ತ್ರಿಕೋನಾಕಾರದ ಲಂಗರುಕಲ್ಲುಗಳು ರಾಶಿ ಸಿಕ್ಕವು. ಬೇಟ್ ದ್ವಾರಕೆಯಲ್ಲಿ (‘ಬೇಟ್’ ಅಂದರೆ ಗುಜರಾತಿಯಲ್ಲಿ ದ್ವೀಪ) ಮೂರು ತಲೆಯ ಪ್ರಾಣಿಯ ಚಿತ್ರವಿರುವ ಮುದ್ರೆಯೂ ಸಿಕ್ಕಿತು.

ರಾಯರಿಗೆ ಇದು ಮಹಾಭಾರತದ ದ್ವಾರಕೆಯೇ. ಆಮೇಲೆ ಅದೇ ಜಾಗದಲ್ಲಿ ಮುಳುಗು ಹಾಕಿದ ಕೆಲವರು ಒಪ್ಪಲಿಲ್ಲ. ಆ ಲಂಗರುಗಳಲ್ಲಿ ಹೆಚ್ಚಿನವು ಅಷ್ಟು ಹಳೆಯವಲ್ಲ, ಕಲ್ಲುಗಳು ಹಳೆಯ ಬಂದರಿಗೆ ಸೇರಿದವು ಅಂದರು. ಅಂದಮೇಲೆ ನನ್ನ ಬರಹದಲ್ಲಿ ‘ಪತ್ತೆಯಾದ ನಗರ’ ಅಂತ ಬರೆದರೆ ಒಂದು ಪಕ್ಷ ಹಿಡಿದ ಹಾಗೆ. ‘ಹುಡುಕುತ್ತಿರುವ ನಗರ’ ಅಂತಲೇ ಇಟ್ಟಿದ್ದೇನೆ.

ಈಗ ನನಗೆ ಹಿಡಿಸಿದ ಪದಕ್ಕೆ ಬರುತ್ತೇನೆ: ‘ಕಡಲಪಾಲಾದ ನಗರ’. ‘ನೀರುಪಾಲು’ ನಮಗೆಲ್ಲ ಗೊತ್ತಿರುವ ಮಾತು. ಆದರೆ ‘ಪಾಲು’ ಇಲ್ಲಿ ಸುಮ್ನೆ ಬಂದು ಕೂತಿಲ್ಲ ಅನಿಸುತ್ತದೆ. ಪುರಾಣದ ಕಥೆ ನೆನಪಿಸಿಕೊಳ್ಳಿ. ಜರಾಸಂಧನ ಕಾಟ ಜಾಸ್ತಿಯಾಗಿ ಮಥುರೆ ಬಿಡಬೇಕಾದಾಗ ಕೃಷ್ಣ ಕಡಲನ್ನೇ ಕೇಳಿ 12 ಯೋಜನ ಜಾಗ ಪಡೆದ. ಕಡಲು ಸರಿದು ಕೊಟ್ಟಿತು. ಆತ ಹೋದ ಮೇಲೆ ಬಂದು ತನ್ನ ಪಾಲು ತಾನು ತೆಗೆದುಕೊಂಡಿತು. ‘ಮುಳುಗಡೆ’ಯಲ್ಲಿ ಈ ಲೆಕ್ಕಾಚಾರ ಇಲ್ಲ.

ತಮಿಳಿನಲ್ಲಿ ಇದಕ್ಕೆ ಒಂದೇ ಪದ ಇದೆ, ‘ಕಡಲ್‌ಕೋಳ್’. ಕಡಲು ಕೊಳ್ಳುವುದು, ಅಂದರೆ ತೆಗೆದುಕೊಳ್ಳುವುದು. ಕಾವೇರಿ ಕಡಲು ಸೇರುವ ಕಡೆಯ, ಕಡಲು ನುಂಗಿತು ಅನ್ನುವ ಪೂಂಪುಹಾರ್ ಪಟ್ಟಣದ ಕಥೆ ಹೇಳುವಾಗ ಈ ಪದ ಬರುತ್ತದೆ. ನಮ್ಮಲ್ಲಿ ‘ಕಡಲ್ಕೊರೆತ’ ಇದೆ. ಆದರೆ ಅದು ದಡ ಸವೆಯುವ ಮಾತು, ಇಡೀ ಊರು ಹೋಗುವ ಮಾತಲ್ಲ. ನದಿಗೆ ಹೋದ ಊರಿಗೆ ಮಾತ್ರ ನಮ್ಮದೊಂದು ಗಟ್ಟಿ ಪದ ಇದೆ: “ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ.” ‘ಮಡು’ವನ್ನು ಕಡಲಿಗೆ ಒಗ್ಗಿಸೋಣ ಅಂದರೆ ಆಗುವುದಿಲ್ಲ, ಅದು ಹೊಳೆಯ ಆಳದ ಗುಂಡಿ.

ಕೇಳಬೇಕಾದದ್ದು ಇಷ್ಟು. ಉಳ್ಳಾಲ, ಮಲ್ಪೆ, ಕಾರವಾರದ ಕಡೆಯವರು ಯಾರಾದರೂ ಇದ್ದರೆ, ಮನೆ ತೋಟ ಕಡಲಿಗೆ ಹೋದಾಗ ನಿಮ್ಮಲ್ಲಿ ಏನಂತಾರೆ? ತಿಂದಿತು ಅಂತಾರಾ, ತಗೊಂಡಿತು ಅಂತಾರಾ? ತುಳು, ಕೊಂಕಣಿಯ ಮಾತಾದರೂ ಹೇಳಿ.

ಇನ್ನೊಂದು ಸಣ್ಣದು. ‘ಬಿಡುಗಡೆ’, ‘ನಿಲುಗಡೆ’ಯಲ್ಲಿ ‘ಗಡೆ’ ಕೊನೆಗೆ ಸೇರಿದ್ದು. ‘ಮುಳುಗಡೆ’ಯ ‘ಗ’ ಎಲ್ಲಿಯದು? ‘ಮುಳುಗು’ವಿನದೋ, ‘ಗಡೆ’ಯದೋ?