ಸಹಾಯ ಬೇಕು: ಕಾಶಿಯಲ್ಲಿ ಇವತ್ತು ರಾತ್ರಿ ಉಳಿಯಲು ಜಾಗ

ನಮಸ್ಕಾರ. ನಾನು, ನನ್ನ ಹೆಂಡತಿ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಇವತ್ತು ಬೆಳಿಗ್ಗೆ ಕಾಶಿಗೆ ಬಂದಿಳಿದೆವು. ಮುಂಗಡ ಕೊಟ್ಟಿದ್ದ ರೂಮನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾರೆ. ಗೊದೌಲಿಯಾದಿಂದ ದಶಾಶ್ವಮೇಧ ಘಾಟ್‌ವರೆಗೆ ಗಲ್ಲಿ ಗಲ್ಲಿ ಸುತ್ತಿದೆವು. ಎಲ್ಲ ಕಡೆ ಭರ್ತಿ, ಇಲ್ಲವೇ ಬಾಡಿಗೆ ತುಂಬಾ ಜಾಸ್ತಿ. ಇವಳಿಗಂತೂ ಭುಜ ಎತ್ತಲಾಗುತ್ತಿಲ್ಲ, ನೋಡಿದರೆ ಸಂಕಟವಾಗುತ್ತದೆ. ವಿಶ್ವನಾಥನ ದರ್ಶನ ಮುಗಿಸೋಣವೆಂದರೆ ಒಳಗೆ ಬ್ಯಾಗ್, ಮೊಬೈಲ್ ಬಿಡುವುದಿಲ್ಲ. ಕ್ಯಾಂಟ್ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಬೀಗ ಹಾಕಿದ ಬ್ಯಾಗ್ ಮಾತ್ರ ಇಟ್ಟುಕೊಳ್ಳುತ್ತಾರೆ. ನಮ್ಮದಕ್ಕೆ ಬೀಗ ಹಾಕಲು ಬರುವುದಿಲ್ಲ.

ಹತ್ತಿರದಲ್ಲೇ ಜಂಗಮವಾಡಿ ಮಠ ಇದೆ, ಕರ್ನಾಟಕದವರು ಅಲ್ಲಿ ಉಳಿಯುತ್ತಾರೆ ಅಲ್ವಾ? ಮೊದಲೇ ತಿಳಿಸದೆ ಹೋದರೆ ಗಂಡ-ಹೆಂಡತಿಗೆ ಒಂದು ರಾತ್ರಿಗೆ ರೂಮ್ ಕೊಡುತ್ತಾರಾ? ಆಧಾರ್ ಸಾಕಾ, ಇಲ್ಲ ಊರಿನಿಂದ ಯಾರದಾದರೂ ಪತ್ರ ಬೇಕಾ? ಈಚೆಗೆ ಅಲ್ಲಿ ಉಳಿದವರು ದಯವಿಟ್ಟು ಹೇಳಿ.