ಲೇಬಲ್ ಇಲ್ಲದ ಡಬ್ಬಿಯಲ್ಲಿ ಎಂತ ಉಂಟು ಎಂದು ಕೋಚನ್ನು ಕೇಳುವುದು ತಪ್ಪಾ?

ಪೆರ್ಲದ ಅಪ್ಪ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಆದರೂ ಪೂರ್ತಿ ಓದಿ ಉತ್ತರ ಹೇಳಿ.

ನನ್ನ ಮಗಳಿಗೆ ಹದಿನಾರು, ಪ್ಲಸ್ ವನ್. ಎಂಟನೇ ಕ್ಲಾಸಿನಿಂದ ಓಡುತ್ತಾಳೆ. 3000 ಮೀಟರ್ ಅವಳ ಓಟ. ನಮ್ಮ ಕಾಸರಗೋಡಿನ ಎಣ್ಮಕಜೆಯಲ್ಲಿ ಸಮತಟ್ಟು ಜಾಗ ಹೇಳಿ ಇಲ್ಲ. ಮನೆಯಿಂದ ಮುರಕಲ್ಲಿನ ಗುಡ್ಡೆ ಹತ್ತಿ, ಗೇರುಮರಗಳ ನಡುವೆ ಹಾದು, ತೋಡಿನ ಸಂಕದವರೆಗೆ ಇಳಿದು ವಾಪಸ್ ಬಂದರೆ ಐದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅಲ್ಲಿ ಓಡಿ ಓಡಿಯೇ ಉಪಜಿಲ್ಲೆಯಲ್ಲಿ ಮೊದಲು ಬಂದವಳು, 11 ನಿಮಿಷ 40 ಸೆಕೆಂಡಿನಲ್ಲಿ.

ಕಳೆದ ವರ್ಷ ಗಡಿಯಾಚೆ ಕರ್ನಾಟಕದಲ್ಲಿ ಒಬ್ಬರು ಕೋಚ್ ಸಿಕ್ಕಿದರು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಕರಕೊಂಡು ಹೋಗುತ್ತೇನೆ. ಎಂಟು ತಿಂಗಳಲ್ಲಿ 10 ನಿಮಿಷ 52 ಸೆಕೆಂಡಿಗೆ ಬಂದಳು. ಜಿಲ್ಲಾ ಕೂಟದಲ್ಲಿ ಗೆದ್ದ ದಿನ ಇನ್ನೊಂದು ಹುಡುಗಿಯ ತಂದೆ ನಮಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದರು, "ಅದು ಕಾಲಿನ ಓಟ ಅಲ್ಲ, ಮದ್ದಿನ ಓಟ." ಮಗಳು ಪಕ್ಕದಲ್ಲೇ ಕೂತು ಶೂ ಬಿಚ್ಚುತ್ತಾ ಇದ್ದಳು. ಲೇಸು ಹಿಡಿದ ಕೈ ಒಮ್ಮೆ ನಿಂತಿತು, ಮತ್ತೆ ಬಿಚ್ಚಿದಳು. ಮನೆ ಮುಟ್ಟುವವರೆಗೆ ಮಾತಿಲ್ಲ.

ನನಗೆ ಸಿಟ್ಟು ಬಂದದ್ದು ಹೌದು. ಆದರೆ ಆ ರಾತ್ರಿ ನಿದ್ರೆ ಬಾರದೆ ಹೋದದ್ದು ಬೇರೆ ಕಾರಣಕ್ಕೆ. ಅವಳ ಬ್ಯಾಗಿನಲ್ಲಿ ಕೋಚ್ ಕೊಟ್ಟ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ ಉಂಟು. ಲೇಬಲನ್ನು ಕೆರೆದು ತೆಗೆದಿದ್ದಾರೆ, ಗಮ್ಮು ಇನ್ನೂ ಬೆರಳಿಗೆ ಅಂಟುತ್ತದೆ. ಒಳಗೆ ತಿಳಿ ಹಳದಿ ಪುಡಿ. ಮೂಗಿನ ಹತ್ತಿರ ಹಿಡಿದರೆ ಮೊದಲು ವೆನಿಲ್ಲಾ ಪರಿಮಳ, ಹಿಂದಿನಿಂದ ಒಂದು ಕಹಿ ವಾಸನೆ. ದಿನಕ್ಕೆ ಎರಡು ಚಮಚ, "ರಿಕವರಿ"ಗೆ ಅಂತೆ. ಕೂಟದ ಮುಂಚಿನ ದಿನ ಸುಸ್ತು ಎಂದಳೆಂದು ಅವರ ಪರಿಚಯದ ಕ್ಲಿನಿಕ್ಕಿಗೆ ಕರಕೊಂಡು ಹೋಗಿ ಒಂದು ಬಾಟ್ಲಿ ಡ್ರಿಪ್ ಹಾಕಿಸಿದ್ದಾರೆ. ನನಗೆ ಗೊತ್ತಾದದ್ದು ಅವಳ ಮೊಣಕೈಯ ಒಳಬದಿ ಅಂಟಿಸಿದ ಹತ್ತಿ ನೋಡಿದ ಮೇಲೆ. ಫೋನ್ ಮಾಡಿ ಕೇಳಿದೆ. "ಅದರಿಂದ ಎಂತದೂ ಆಗುವುದಿಲ್ಲ, ನೀವು ತಲೆ ಬಿಸಿ ಮಾಡಬೇಡಿ" ಎಂದರು.

ನಮ್ಮ ಊರಿನವರಿಗೆ ಈ ಮಾತು ಹೊಸತಲ್ಲ. ನಾನು ಶಾಲೆಗೆ ಹೋಗುವ ಕಾಲಕ್ಕೆ ಗೇರುಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಡುತ್ತಿದ್ದರು. ನಾವು ಮಕ್ಕಳು ಅದನ್ನು ನೋಡಲು ಅಂಗಳಕ್ಕೆ ಓಡುವುದು, ಅಮ್ಮ ಸೋಗೆ ಹಿಡಿದುಕೊಂಡು ಬಾವಿ ಮುಚ್ಚಲು ಓಡುವುದು. 2000ದವರೆಗೂ ನಡೆಯಿತು. ಅದು ಗೇರಿಗೆ ಹಿಡಿಯುವ ಚಹಾ ಸೊಳ್ಳೆಗೆ ಬಿಡುವ ಮದ್ದು, ಮನುಷ್ಯರಿಗೆ ಎಂತದೂ ಆಗುವುದಿಲ್ಲ ಎಂದು ಆಗಲೂ ಹೇಳಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ನಿಲ್ಲಿಸುವ ಹೊತ್ತಿಗೆ ನಮ್ಮ ಸುತ್ತಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಸಿಗೆಯಿಂದ ಏಳದವರಾಗಿದ್ದರು. ಹಾಗಾಗಿ ಎಂತದೂ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ, ಅದರಲ್ಲಿ ಎಂತ ಉಂಟು ಎಂದು ಕೇಳದೆ ಇರಲು ನನ್ನಿಂದ ಆಗುವುದಿಲ್ಲ.

ಇನ್ನೊಂದು ಸಂಗತಿ. 2024ರ ಅಕ್ಟೋಬರಿನಲ್ಲಿ ಕೀನ್ಯಾದ ರೂತ್ ಚೆಪಂಗೆಟಿಚ್ ಶಿಕಾಗೊ ಮ್ಯಾರಥಾನನ್ನು 2 ಗಂಟೆ 9 ನಿಮಿಷ 56 ಸೆಕೆಂಡಿನಲ್ಲಿ ಮುಗಿಸಿದ್ದರಲ್ಲ, ಆ ವಿಡಿಯೊ ನಾನೂ ಮಗಳೂ ಎಷ್ಟು ಸಲ ನೋಡಿದೆವೋ ಲೆಕ್ಕ ಇಲ್ಲ. 2 ಗಂಟೆ 10 ನಿಮಿಷದ ಒಳಗೆ ಬಂದ ಮೊದಲ ಹೆಂಗಸು. ಅಲ್ಲೇ ಪತ್ರಿಕಾಗೋಷ್ಠಿಯಲ್ಲಿ ಒಬ್ಬರು ಅವರ ಮುಖಕ್ಕೇ ಸಂಶಯದ ಪ್ರಶ್ನೆ ಹಾಕಿದ್ದರು. ಗೆದ್ದ ದಿನವೇ ಹೀಗಾ ಎಂದು ನನಗೆ ಸಂಕಟ ಆಗಿತ್ತು. ಮರುವರ್ಷ ಅವರ ಇನ್ನೊಂದು ಸ್ಯಾಂಪಲ್ ಪಾಸಿಟಿವ್ ಬಂತು, ಮೂರು ವರ್ಷ ನಿಷೇಧ ಆಯಿತು. ಮಗಳು ಕೇಳಿದಳು, "ಅಪ್ಪಾ, ಹಾಗಾದರೆ ಅವತ್ತು ಕೇಳಿದವರದ್ದೇ ಸರಿಯಾ?"

ನಾನೀಗ ಕೋಚನ್ನು ಹೇಗೆ ಕೇಳಲಿ? ಮಗಳಿಗೆ ಅವರೆಂದರೆ ದೇವರ ಹಾಗೆ. ಪುಡಿಯನ್ನು ಎಲ್ಲಾದರೂ ಪರೀಕ್ಷೆ ಮಾಡಿಸಬಹುದಾ? ನಾಳೆ ಅವಳು ಸಿಕ್ಕಿಬಿದ್ದರೆ ತಪ್ಪು ಯಾರ ತಲೆಗೆ ಬರುತ್ತದೆ?

ಮುಳ್ಳೇರಿಯ ಮೈದಾನ:

ನಾನು ಹದಿನೈದು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಮಕ್ಕಳನ್ನು ಓಡಿಸುವವನು. ಫೀಸ್ ತೆಗೆದುಕೊಳ್ಳುವುದಿಲ್ಲ. ಮೊದಲು ಒಂದು ಮಾತು: ಹದಿನಾರರ ಹುಡುಗಿ, ಬರೀ ಗುಡ್ಡೆ ಓಡುತ್ತಿದ್ದವಳು, ಸರಿಯಾದ ಇಂಟರ್‌ವಲ್ ಟ್ರೈನಿಂಗ್ (ಜೋರಾಗಿ ಓಡಿ, ಸುಧಾರಿಸಿ, ಮತ್ತೆ ಓಡುವುದು) ಸಿಕ್ಕಿದರೆ ಎಂಟು ತಿಂಗಳಲ್ಲಿ 48 ಸೆಕೆಂಡು ಇಳಿಸುವುದು ಅಂಥ ಆಶ್ಚರ್ಯದ ಸಂಗತಿ ಅಲ್ಲ. ನನ್ನ ಹತ್ತಿರ ಅದಕ್ಕಿಂತ ಹೆಚ್ಚು ಇಳಿಸಿದವರು ಇದ್ದಾರೆ, ಗಂಜಿ ಮತ್ತು ಮೊಟ್ಟೆ ತಿಂದುಕೊಂಡು. ಟೈಮ್ ನೋಡಿ ಮದ್ದು ಎನ್ನುವವರಿಗೆ ಓಟ ಗೊತ್ತಿಲ್ಲ.

ಸಂಶಯ ಎಲ್ಲಿಂದ ಬಂತು ಎಂದು ನನಗೂ ಗೊತ್ತುಂಟು. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಕೂಟಕ್ಕೆ ದೇಶದ ಮದ್ದು ತಪಾಸಣೆಯ ಸಂಸ್ಥೆ ನಾಡಾದವರು ಬಂದಿದ್ದಾರೆ ಎಂದು ಗೊತ್ತಾದ ಕೂಡಲೇ ಓಟಗಾರರು ಜಾಗ ಖಾಲಿ ಮಾಡಿದರು. ನೂರು ಮೀಟರ್ ಫೈನಲಿಗೆ ಗೆರೆಯಲ್ಲಿ ನಿಂತದ್ದು ಒಬ್ಬನೇ. ಅಡೆತಡೆ ಹಾರಿ ಓಡುವ ಜೂನಿಯರ್ ಸ್ಟೀಪಲ್‌ಚೇಸಿನ ಒಬ್ಬಳು ಗೆರೆ ದಾಟಿಯೂ ನಿಲ್ಲದೆ ಓಡುತ್ತಾ ಹೋದಳು, ಹಿಂದಿನಿಂದ ಅಧಿಕಾರಿ. ಅದೇ ವರ್ಷ ದೇಶದಲ್ಲಿ 5606 ಸ್ಯಾಂಪಲ್ ತೆಗೆದದ್ದರಲ್ಲಿ 213 ಪಾಸಿಟಿವ್. ಇಂಥದ್ದನ್ನು ಓದಿದ ಜನ ನಮ್ಮ ಮಕ್ಕಳನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ಗೆದ್ದು ಬಂದ ಮಗುವಿಗೆ ಬೆನ್ನು ತಟ್ಟುವ ಬದಲು ಯಾವ ಇಂಜೆಕ್ಷನ್ ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ. ಅವನು ಆಮೇಲೆ ಮೈದಾನಕ್ಕೆ ಬರಲಿಲ್ಲ.

ಆದರೆ ಲೇಬಲ್ ಕೆರೆದದ್ದು ಯಾಕೆ? ಇದಕ್ಕೆ ನನ್ನ ಹತ್ತಿರ ಒಳ್ಳೆಯ ಕಾರಣ ಯಾವುದೂ ಇಲ್ಲ. ನೇರವಾಗಿ ಕೇಳಿ. ಜಗಳಕ್ಕೆ ಹೋಗಬೇಡಿ.

ಕುಂಬಳೆ ಮದ್ದಿನಂಗಡಿ:

ನಾನು ಫಾರ್ಮಾಸಿಸ್ಟ್. ಮೊದಲು ಡ್ರಿಪ್ಪಿನ ವಿಷಯ, ಯಾಕೆಂದರೆ ಪುಡಿಗಿಂತ ಅದು ಹೆಚ್ಚು ಸ್ಪಷ್ಟ.

ಕ್ರೀಡೆಯಲ್ಲಿ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಯಮದ ಪ್ರಕಾರ 12 ಗಂಟೆಯಲ್ಲಿ 100 ಮಿಲಿಲೀಟರಿಗಿಂತ ಹೆಚ್ಚು ದ್ರವ ರಕ್ತನಾಳಕ್ಕೆ ಏರಿಸುವಂತಿಲ್ಲ. ಕೂಟ ಇದ್ದರೂ ಇಲ್ಲದಿದ್ದರೂ. ಒಳಗೆ ಇರುವುದು ಬರೀ ಗ್ಲೂಕೋಸ್ ಆದರೂ. ಆಸ್ಪತ್ರೆಯ ಚಿಕಿತ್ಸೆ, ಶಸ್ತ್ರಕ್ರಿಯೆ, ರೋಗಪತ್ತೆಯ ಪರೀಕ್ಷೆ, ಇಷ್ಟಕ್ಕೆ ಮಾತ್ರ ವಿನಾಯಿತಿ. ನಮ್ಮಲ್ಲಿ ನೇತುಹಾಕುವ ಬಾಟ್ಲಿ ಸಾಮಾನ್ಯವಾಗಿ 500ರದ್ದು. ಓಟಕ್ಕೆ ಮುಂಚೆ ಸುಸ್ತು ಎಂದು ಅದನ್ನು ಹಾಕಿಸಿದರೆ ನಿಯಮ ಮುರಿದ ಹಾಗೆಯೇ. ರಕ್ತಕ್ಕೆ ನೀರು ಸೇರಿಸಿದರೆ ಹಿಮೋಗ್ಲೋಬಿನ್ ಲೆಕ್ಕ ತೆಳ್ಳಗಾಗುತ್ತದೆ, ಕೆಂಪು ರಕ್ತಕಣ ಹೆಚ್ಚಿಸುವ ಇಪಿಒ ಮದ್ದು ತೆಗೆದುಕೊಂಡವರು ಅಡಗಿಕೊಳ್ಳುವುದು ಅದರ ಹಿಂದೆಯೇ. ಅದಕ್ಕೆ ಇಷ್ಟು ಬಿಗಿ. ಮತ್ತೆ "ಶಕ್ತಿ ಇಂಜೆಕ್ಷನ್" ಹೇಳಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಚುಚ್ಚುವ ಅಭ್ಯಾಸ ನಮ್ಮ ಕಡೆ ಉಂಟು. ಸ್ಪರ್ಧೆಯ ಹೊತ್ತಿಗೆ ಅದು ಮೈಯಲ್ಲಿ ಇರುವಂತಿಲ್ಲ. ಡ್ರಿಪ್ಪಿನ ಒಟ್ಟಿಗೆ ಬೇರೆ ಎಂತ ಸೇರಿಸಿದ್ದರು ಎಂದು ಆ ಕ್ಲಿನಿಕ್ಕಿನಿಂದ ಚೀಟಿ ಕೇಳಿ ತೆಗೆದುಕೊಳ್ಳಿ.

ನೀವು ಹೇಳಿದ ಚೆಪಂಗೆಟಿಚ್ ಅವರ ಸ್ಯಾಂಪಲಿನಲ್ಲಿ ಸಿಕ್ಕಿದ್ದು ಹೈಡ್ರೋಕ್ಲೋರೋಥಯಜೈಡ್. ಬಿಪಿಗೆ ಕೊಡುವ ಮಾತ್ರೆ, ನನ್ನ ಅಂಗಡಿಯಲ್ಲಿ ಕೈಗೆ ಸಿಗುವ ಎತ್ತರದಲ್ಲೇ ಇರುತ್ತದೆ. ಮೂತ್ರ ಹೆಚ್ಚು ಮಾಡಿಸಿ ಬೇರೆ ಮದ್ದಿನ ಗುರುತು ತೊಳೆಯಬಹುದು ಎಂದು ಅದಕ್ಕೂ ನಿಷೇಧ. ಮಿಲಿಲೀಟರಿಗೆ 20 ನ್ಯಾನೊಗ್ರಾಂ ದಾಟಿದರೆ ವರದಿ ಮಾಡುತ್ತಾರೆ, ಅವರದ್ದು 3800 ಇತ್ತು. ಮನೆಗೆಲಸದವಳ ಮಾತ್ರೆ ನುಂಗಿದೆ ಎಂದರು. ಯಾರದ್ದೋ ಮಾತ್ರೆ ನೋಡದೆ ನುಂಗಿದ್ದೇ ತಪ್ಪು ಎಂದು ಲೆಕ್ಕ ಆಯಿತು. ಶಿಕಾಗೊ ದಾಖಲೆ ಮಾತ್ರ ಹಾಗೇ ಉಂಟು, ಯಾಕೆಂದರೆ ಈ ಸ್ಯಾಂಪಲ್ ತೆಗೆದದ್ದು 2025ರ ಮಾರ್ಚಿನಲ್ಲಿ.

ಪುಡಿ: ಇವತ್ತಿನಿಂದಲೇ ನಿಲ್ಲಿಸಿ, ಬಿಸಾಡಬೇಡಿ. ಮುಚ್ಚಳ ಬಿಗಿ ಮಾಡಿ, ಫೋಟೊ ತೆಗೆದು, ದಿನಾಂಕ ಬರೆದು ಇಡಿ. ನಾಡಾದ 'ನೋ ಯುವರ್ ಮೆಡಿಸಿನ್' ಆಪ್‌ನಲ್ಲಿ ಮದ್ದಿನ ಹೆಸರು ಹಾಕಿದರೆ ನಿಷೇಧ ಉಂಟಾ ಎಂದು ತೋರಿಸುತ್ತದೆ. ಆದರೆ ಹೆಸರೇ ಇಲ್ಲದ ಪುಡಿಗೆ ಎಂತ ಹಾಕುವುದು? ಸೀಲ್ ಒಡೆದ ಡಬ್ಬಿಯನ್ನು ಲ್ಯಾಬಿಗೆ ಕಳಿಸಿ ಬಂದ ಉತ್ತರವನ್ನು ನಂಬಿ ಮತ್ತೆ ಕುಡಿಸುವುದಂತೂ ಬೇಡ.

ಬದಿಯಡ್ಕದ ಹಳೇ ಓಟಗಾರ್ತಿ:

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಅವಳ ತಲೆಗೆ. ಮೊದಲು ಅವಳ ತಲೆಗೇ ಬರುವುದು.

ನಮ್ಮ ಕರಾವಳಿಯವರು ಇದನ್ನು ಹತ್ತಿರದಿಂದ ನೋಡಿದ್ದೇವೆ. 2010ರಲ್ಲಿ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ತಂದಾಗ ನಾನು ಕಾಲೇಜು ಟೀಮಿನಲ್ಲಿ ಓಡುತ್ತಿದ್ದೆ. ನಮ್ಮ ಹಾಸ್ಟೆಲಿನ ಗೋಡೆಯಲ್ಲಿ ಅವರ ಫೋಟೊ ಇತ್ತು. ಮರುವರ್ಷ ರಿಲೇ ಓಡುವ ಹುಡುಗಿಯರು ಸಾಲಾಗಿ ಸ್ಟಿರಾಯ್ಡಿನಲ್ಲಿ ಸಿಕ್ಕಿಬಿದ್ದರು, ಅವರಲ್ಲಿ ಇವರೂ ಒಬ್ಬರು. ಕೋಚ್ ಯೂರಿ ಒಗೊರೊಡ್ನಿಕ್ ಕೊಟ್ಟ ಜಿನ್‌ಸೆಂಗಿನಿಂದ ಬಂತು ಎಂದು ಹೇಳಿದರು. ಉಕ್ರೇನಿನ ಆ ಕೋಚನ್ನು ಕೆಲಸದಿಂದ ತೆಗೆದರು, ಆಮೇಲೆ ಮತ್ತೆ ಕರೆಸಿಕೊಂಡರು. ಹುಡುಗಿಯರಿಗೆ ಇಲ್ಲಿ ಒಂದು ವರ್ಷ ನಿಷೇಧ, 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡಕ್ಕೆ ಏರಿಸಿತು. ಕೊಟ್ಟದ್ದು ಯಾರೇ ಇರಲಿ, ಬಾಯಿಗೆ ಹಾಕುವ ಮುಂಚೆ ನೋಡಿಕೊಳ್ಳಬೇಕಾದ್ದು ನೀವು ಎಂದರು. ನಮ್ಮ ಹಾಸ್ಟೆಲಿನ ಗೋಡೆಯಿಂದ ಫೋಟೊ ತೆಗೆಯಬೇಕಾ ಬೇಡವಾ ಎಂದು ಜಗಳ ಆಗಿತ್ತು. ನಾನು ತೆಗೆಯಲು ಬಿಡಲಿಲ್ಲ.

ಈಗಿನ ನಿಯಮದಲ್ಲಿ ಎಳೆಯರಿಗೆ ಮದ್ದು ಕೊಟ್ಟ ಕೋಚಿಗೆ ಆಜೀವ ನಿಷೇಧದವರೆಗೂ ಶಿಕ್ಷೆ ಉಂಟು. ಆದರೆ ಅದು ಯಾರಾದರೂ ಬಾಯಿಬಿಟ್ಟರೆ ಮಾತ್ರ. ಅಮೆರಿಕದ ಆಲ್ಬರ್ಟೊ ಸಲಜಾರ್ ಪ್ರಕರಣ ನೋಡಿ. ಒಲಿಂಪಿಕ್ ಚಿನ್ನ ಗೆದ್ದ ಬ್ರಿಟನ್ನಿನ ಮೊ ಫರಾ ಅವರಂಥವರ ಕೋಚ್, ನೈಕಿಯ ಒರೆಗಾನ್ ಪ್ರಾಜೆಕ್ಟ್ ಎಂಬ ಓಟದ ತಂಡದ ಯಜಮಾನ. 2019ರಲ್ಲಿ ನಾಲ್ಕು ವರ್ಷ ನಿಷೇಧ ಬಿದ್ದದ್ದು ಓಟಗಾರರ ಪಾಸಿಟಿವ್ ಟೆಸ್ಟಿನಿಂದ ಅಲ್ಲ. ಸಹಾಯಕ ಕೋಚ್ ಆಗಿದ್ದ ಸ್ಟೀವ್ ಮ್ಯಾಗ್ನೆಸ್, ಅಲ್ಲೇ ಓಡಿದ್ದ ಕಾರಾ ಗೌಚರ್ ಬಾಯಿಬಿಟ್ಟದ್ದರಿಂದ. ಮ್ಯಾಗ್ನೆಸ್‌ಗೆ ಎಲ್-ಕಾರ್ನಿಟಿನ್ ಎಂಬ ಪೋಷಕಾಂಶದ ಡ್ರಿಪ್ ಏರಿಸಿ ಪ್ರಯೋಗ ಮಾಡಿದ್ದರು. ಆಗಿನ ಮಿತಿ ಆರು ಗಂಟೆಗೆ 50 ಮಿಲಿಲೀಟರ್, ಅವರ ಮೈಗೆ ಹೋದದ್ದು ಒಂದು ಲೀಟರಿಗೂ ಹೆಚ್ಚು. ಎಷ್ಟು ಟೆಸ್ಟೋಸ್ಟೆರಾನ್ ಜೆಲ್ ತಾಗಿದರೆ ಟೆಸ್ಟಿನಲ್ಲಿ ಸಿಕ್ಕಿಬೀಳುತ್ತಾರೆ ಎಂದು ನೋಡಲು ಸಲಜಾರ್ ತನ್ನ ಸ್ವಂತ ಗಂಡುಮಕ್ಕಳ ಮೈಗೇ ಜೆಲ್ ಹಚ್ಚಿಸಿದ್ದ. ಬೇರೆಯವರು ಮೋಸದಿಂದ ನಮ್ಮ ಓಟಗಾರರಿಗೆ ಹಚ್ಚಿಬಿಟ್ಟರೆ ಎಂಬ ಹೆದರಿಕೆಯಿಂದ ಮಾಡಿದ್ದು ಎಂದ. ತಂದೆಯಾದವರು ಇದನ್ನು ಓದಿಕೊಳ್ಳಬೇಕು.

ಈಗ ಯಾರೂ ಇಲ್ಲಿ ಕೇಳದೆ ಇದ್ದದ್ದನ್ನು ಕೇಳುತ್ತೇನೆ. ಕೋಚ್ ಅವಳನ್ನು ತೂಕ ಮಾಡುತ್ತಾರಾ? ಎಲ್ಲರ ಎದುರು? ಅವಳ ಮುಟ್ಟು ಸರಿಯಾಗಿ ಆಗುತ್ತಿದೆಯಾ? ನೀವು ಕೇಳಬೇಡಿ, ಅವಳ ಅಮ್ಮನ ಹತ್ತಿರ ಕೇಳಿಸಿ. ಅಮೆರಿಕದ ಮೇರಿ ಕೇನ್ ಹದಿನೇಳಕ್ಕೆ ವಿಶ್ವ ಚಾಂಪಿಯನ್‌ಶಿಪ್‌ನ 1500 ಮೀಟರ್ ಫೈನಲ್ ಓಡಿದ ಹುಡುಗಿ. ಅದೇ ಸಲಜಾರ್ ಹತ್ತಿರ ಸೇರಿದ ಮೇಲೆ ತೂಕ ಇಳಿಸು, ಇನ್ನೂ ಇಳಿಸು ಎಂಬ ಒತ್ತಾಯದಲ್ಲಿ ಮೂರು ವರ್ಷ ಮುಟ್ಟು ನಿಂತಿತು, ಐದು ಎಲುಬು ಮುರಿಯಿತು ಎಂದು 2019ರಲ್ಲಿ ಅವಳೇ ಹೇಳಿದಳು. ಇದು ಯಾವ ಮೂತ್ರ ಪರೀಕ್ಷೆಯಲ್ಲೂ ಬರುವುದಿಲ್ಲ. ನನ್ನದೂ ಒಂದೂವರೆ ವರ್ಷ ನಿಂತಿತ್ತು. "ನಿಂತರೆ ಒಳ್ಳೆಯದು, ಓಟ ಸರಿ ಆಗ್ತಾ ಉಂಟು ಹೇಳಿ ಅರ್ಥ" ಎಂದಿದ್ದರು ನನ್ನ ಕೋಚ್. ನಾನು ನಂಬಿದೆ. ಬಲಗಾಲಿನ ಮೊಣಕಾಲ ಕೆಳಗಿನ ಎಲುಬು ಎರಡು ಸಲ ಬಿರಿಯಿತು, ಇಪ್ಪತ್ತೊಂದಕ್ಕೆ ಓಟ ಬಿಟ್ಟೆ. ಈಗಲೂ ಮಳೆಗಾಲದಲ್ಲಿ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ.

ಪೆರ್ಲದ ಅಪ್ಪ:

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಹೋಗಿದ್ದೆ.

ಮಗಳನ್ನು ದೂರ ಕೂರಿಸಿ ಕೇಳಬೇಕು ಎಂದಿದ್ದೆ, ಅವಳೇ ಒಟ್ಟಿಗೆ ಬಂದು ನಿಂತಳು. ಡಬ್ಬಿ ತೋರಿಸಿ ಹೆಸರು ಕೇಳಿದೆ. ಲೇಬಲ್ ಯಾಕೆ ತೆಗೆದದ್ದು ಎಂದು ಕೇಳಿದೆ. "ಬೇರೆ ಕೋಚುಗಳು ನೋಡಿ ಕಾಪಿ ಮಾಡ್ತಾರೆ" ಎಂದರು. ಹಾಗಾದರೆ ನನಗೊಬ್ಬನಿಗೆ ಹೇಳಿ ಎಂದೆ. "ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಕರಕೊಂಡು ಹೋಗಿ, ನನಗೆ ಹುಡುಗಿಯರು ಬೇಕಾದಷ್ಟು ಸಿಗ್ತಾರೆ" ಎಂದರು. ಅಷ್ಟೇ. ಹೆಸರು ಕೊನೆಗೂ ಹೇಳಲಿಲ್ಲ.

ವಾಪಸ್ ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಅಡ್ಯನಡ್ಕ ದಾಟಿದ ಮೇಲೆ, "ನಾನು ಕೇಳಿದ್ದರೆ ಅವರು ಹೇಳ್ತಿದ್ದರಾ ಅಪ್ಪಾ?" ಎಂದಳು. ಗೊತ್ತಿಲ್ಲ ಮಗಾ ಎಂದೆ. ರಾತ್ರಿ ಅವಳ ಅಮ್ಮ ಮಾತಾಡಿದಳು. ನಾಲ್ಕು ತಿಂಗಳಾಯಿತಂತೆ. ಬದಿಯಡ್ಕದ ಅಕ್ಕಾ, ನೀವು ಕೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಸೋಮವಾರ ಡಾಕ್ಟರ ಹತ್ತಿರ ಕರಕೊಂಡು ಹೋಗುತ್ತೇವೆ.

ಡಬ್ಬಿ ಕಪಾಟಿನ ಮೇಲೆ ಉಂಟು, ದಿನಾಂಕ ಬರೆದು ಇಟ್ಟಿದ್ದೇನೆ. ಡ್ರಿಪ್ಪಿನ ಚೀಟಿ ಕೇಳಿದ್ದೇನೆ, ಕೊಡಲಿಲ್ಲ, ಮತ್ತೆ ಹೋಗುತ್ತೇನೆ. ದೂರು ಕೊಡಲು ಇರುವ ವಾಡಾದ 'ಸ್ಪೀಕ್ ಅಪ್'ನಲ್ಲಿ ಎಲ್ಲವನ್ನೂ ಬರೆಯಬೇಕೆಂದು ಇದ್ದೇನೆ. ಅಲ್ಲಿ ಇನ್ನೂ ಎಂಟು ಮಕ್ಕಳು ಇದ್ದಾರೆ.

ಇವತ್ತು ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಶೂ ಹಾಕಿದಳು. ಡಾಕ್ಟರು ನೋಡುವವರೆಗೆ ಬೇಡ ಎಂದೆ. ನಡೆಯುತ್ತೇನೆ, ಓಡುವುದಿಲ್ಲ ಎಂದು ಗುಡ್ಡೆ ಹತ್ತಿದಳು. ನಾನೂ ಟಾರ್ಚ್ ಹಿಡಿದು ಹಿಂದಿನಿಂದ ಹೋದೆ.

ಮುಳ್ಳೇರಿಯದವರೇ, ಡಾಕ್ಟರು ಓಡಬಹುದು ಎಂದ ಮೇಲೆ ನಿಮ್ಮಲ್ಲಿಗೆ ಕರಕೊಂಡು ಬರಬಹುದಾ?

ಮುಳ್ಳೇರಿಯ ಮೈದಾನ:

ಬನ್ನಿ. ಎಷ್ಟು ತಿಂಗಳಾದರೂ ಆಗಲಿ, ಅವಸರ ಇಲ್ಲ. ಬೆಳಿಗ್ಗೆ ಐದೂವರೆ. ಅವಳ ಅಮ್ಮನೂ ಬರಲಿ. ಕುಡಿಯುವ ನೀರು ಮನೆಯಿಂದಲೇ ತನ್ನಿ.